ಕಡಿದ ತಂತಿಯ ಕರೆ

ಸಮತಾ ನಮ್ಮ ಚಿಕ್ಕಪ್ಪನ ಮಗಳು. ದೆವ್ವ-ಗಿವ್ವ ಅಂದ್ರ ನಗೋ ಹುಡುಗಿ. ಅವರ ಮನ್ಯಾಗ ಬುದ್ಧನ ಫೋಟೋ ಒಂದ ಐತಿ, ಅದಕ್ಕೂ ಹೂವು ಇಡೋದು ಅವರವ್ವ. ಈಕಿ ಬರೇ ಧೂಳು ಒರಸಾಕಿ. ಅಂಥಾಕಿಗೆ ಆಗಿದ್ದು ಇದು. ದನಿ ಸಣ್ಣ ಮಾಡಿ ಹೇಳ್ತೀನಿ, ಒಳಗ ಮಕ್ಕಳು ಮಲಗ್ಯಾವ.

ಅವತ್ತು ಹರಪನಹಳ್ಳಿಯಿಂದ ಹೊಂಟ ಕಡೀ ಬಸ್ಸು ದಾರ್ಯಾಗ ಪಂಚರ್ ಆತು. ಆಕಿ ಹಲವಾಗಲಿನಾಗ ಇಳಿಯೋದ್ರಾಗ ಊರು ಮಲಗಿತ್ತು. ಅಲ್ಲಿಂದ ಹೊಳಿ ಕಡೆ ನಡೀಬೇಕು. ಎರಡೂ ಕಡೆ ಮೆಕ್ಕಿಜೋಳ, ನಡುವ ಕಾಲ್ದಾರಿ. ಒಣಗಿದ ಎಲಿ ಗಾಳಿಗೆ ಸರ್... ಸರ್... ಅಂತಿತ್ತು. ಹೊಳಿ ದಂಡಿಗೆ ಪಂಪ್‌ಹೌಸು, ಅದಕ್ಕೂ ಮೊದಲು ಜಾಕ್‌ವೆಲ್ಲು. ಜಾಕ್‌ವೆಲ್ ಅಂದ್ರ ಹೊಳಿ ನೀರು ಒಳಗ ಬಂದು ನಿಲ್ಲೋ ಸಿಮೆಂಟಿನ ಬಾವಿ. ಬಾಳ ಆಳ. ಅಲ್ಲಿಂದ ನೀರು ಎತ್ತಿ ಸುತ್ತಲ ಹಳ್ಳಿಗೆ ಕುಡಿಯಾಕ ಬಿಡ್ತಾರ. ಪಂಪ್ ಹಚ್ಚೋದು, ಆರಿಸೋದು ಎಲ್ಲಾ ಒಂದು ಸಣ್ಣ ಕಂಪ್ಯೂಟರ್ರು. ಆ ಕಂಪ್ಯೂಟರ್ ನೋಡ್ಕೊಳ್ಳಾಕಿ ನಮ್ಮ ಸಮತಾ. ದಾವಣಗೇರಿಯ ಒಂದು ಕಂಪನಿ ಆಕಿಗೆ ಸಂಬಳ ಕೊಡ್ತಿತ್ತು.

ಬಾವಿ ಹತ್ರ ಬಂದ್ಲು. ಪಂಪ್ ನಿಂತಿತ್ತು. ಒಂದು ಕಪ್ಪಿ ಸೈತ ವಟವಟ ಅಂತಿರಲಿಲ್ಲ. ಆವಾಗ ಕೇಳಿಸ್ತು...

ಟಣ್. ಟಣ್. ಟಣ್.

ಕಬ್ಬಿಣದ ಏಣಿಗೆ ಬೆರಳಿನ ಉಂಗುರ ಬಡದಂಗ. ಬಾವಿ ಒಳಗಿಂದ. ಒಂದು ಉಸಿರು ತಡದು, ಮತ್ತ ಮೂರು.

ಪಂಪ್ ಆಪರೇಟರ್ ಗಾಳೆಪ್ಪ ಕೆಳಗ ಇಳದಾನ ಅಂದ್ಕೊಂಡ್ಲು. "ಗಾಳೆಪ್ಪಣ್ಣಾ..." ಅಂತ ಕರದ್ಲು.

ಸಪ್ಪಳ ನಿಂತು ಹೋತು.

ಟಾರ್ಚ್ ಹಾಕಿದ್ಲು. ಬಾವಿ ಬಾಯಿಗೆ ಕಬ್ಬಿಣದ ಜಾಳಿಗಿ, ಜಾಳಿಗಿಗೆ ಕೀಲಿ. ಕೀಲಿ ಹಾಕಿದ್ದು ಹಾಕಿದಂಗ ಇತ್ತು.

ಆಕಿ ಓಡಲಿಲ್ಲ, ನೋಡ್ರಿ. ಆಕಿನ ಹೇಳ್ಯಾಳ, "ಅಣ್ಣ, ಕಾಲು ಓಡು ಅಂದ್ವು, ನಾನು ನಡದೆ." ಪಂಪ್‌ಹೌಸಿನ ಬಾಗಲಾ ಒಳಗಿಂದ ಚಿಲಕ ಹಾಕಿತ್ತು. ಬಡದ್ರ ತಗೀಲಿಲ್ಲ. "ನಾನು ಸಮತಾ" ಅಂದ ಮ್ಯಾಲೆ ಗಾಳೆಪ್ಪ ಸಂದಿನಾಗ ಮುಖ ಇಟ್ಟ.

"ಬಾವಿ ಕಡಿಂದ ಬಂದ್ರೇನ್ರಿ ಮೇಡಂ?"

"ಹೂಂ."

"ಏನರ ಕೇಳಿಸ್ತೇನ್ರಿ?"

ಆಕಿ ಬಾವಿ ಕಡೆ ಹೊಳ್ಳಿ ನೋಡಿದ್ಲು. ಅವ ಚಿಲಕ ತಗದು ಆಕಿನ್ನ ಒಳಗ ಕರಕೊಂಡ. ಆಮ್ಯಾಲೆ ಪಿಸುದನಿಯಾಗ ಅಂದ, "ನೀವು ಮಾತಾಡಿದ್ರೇನು ಅದರ ಜೋಡಿ?"

ಇಲ್ಲಿ ಸಿದ್ದಲಿಂಗನ ಸುದ್ದಿ ಹೇಳಬೇಕು. ಹಗಲು ಗಾಳೆಪ್ಪ, ರಾತ್ರಿ ಸಿದ್ದಲಿಂಗ, ಹಂಗಿತ್ತು ಮೊದಲು ಆ ಪಂಪ್‌ಹೌಸಿನಾಗ. ಸಿದ್ದಲಿಂಗ ಊರಿನ ಹುಡುಗ, ಅವ್ವ ದುರುಗಮ್ಮನ ಜೋಡಿ ಇದ್ದ. ಹಿಂದಿನ ಮಳಿಗಾಲದಾಗ ಹೊಳ್ಯಾಗ ಕಸ, ಹುಲ್ಲು ಬಾಳ ಬಂದು ಪಂಪಿನ ಬಾಯಿಗೆ ಸಿಕ್ಕೊಂತು. ಪಂಪ್ ನಿಲ್ಲಿಸಿ ಏಣಿ ಇಳದು ಕಸ ಕೀಳ್ತಿದ್ದ. ಅಷ್ಟರಾಗ ಊರ ಟ್ಯಾಂಕ್ ಖಾಲಿ ಆತು ಅಂತ ಕಂಪ್ಯೂಟರ್ ತಾನ ಪಂಪ್ ಹಚ್ಚಿಬಿಡ್ತು. ಬಾವಿ ಒಳಗ ಏಣಿ ಪಕ್ಕಕ್ಕ ಒಂದು ಕೆಂಪು ಗುಂಡಿ ಇತ್ತು, ಒತ್ತಿದ್ರ ಪಂಪ್ ನಿಲ್ಲಬೇಕು. ಅವ ಒತ್ಯಾನ. ಮೂರು ಸಲ ಒತ್ಯಾನ. ಪಂಪ್ ನಿಂತೈತಿ ಕೂಡ... ಆದ್ರ ತಡ ಆಗಿ, ಅಷ್ಟರಾಗ ಅವನ ಜೀವ ಹೋಗಿತ್ತು.

"ಹೇಳದ ಕೇಳದ ಇಳದ, ಅವನ ತಪ್ಪು" ಅಂತ ಕಂಪನಿಯವರು ಕೈ ತೊಳ್ಕೊಂಡ್ರು. ಆಗಿನ ಎಂಜಿನಿಯರ್ ಕೆಲಸ ಬಿಟ್ಟು ಹೋದ. ಅವನ ಜಾಗಕ್ಕ ಸಮತಾ ಬಂದ್ಲು. ಗುಂಡಿ ಒತ್ತಿದ್ರೂ ಪಂಪ್ ಯಾಕ ತಡ ಮಾಡ್ತು ಅಂತ ಆಕಿಗೆ ಒಂದ ಯೋಚನಿ. ಒಂದಿನ ನಮ್ಮ ಮನಿ ಕಟ್ಟಿಮ್ಯಾಲೆ ಚಾ ಕುಡೀತ ನನಗ ಬಿಡಿಸಿ ಹೇಳಿದ್ಲು.

"ಭೀಮೇಶಣ್ಣ, ಆ ಡಬ್ಬಿಯೊಳಗ ನಾಕು ಕೋರ್ ಅದಾವ. ನಾಕು ಮಂದಿ ಆಳು ಅಂತ ತಿಳ್ಕೊ. ಕ್ಯಾಮೆರಾ ಕರೀತೈತಿ, ನೆಟ್ಟು ಕರೀತೈತಿ, ಗುಂಡಿ ಒತ್ತಿದ್ರ ಅದೂ ಕರೀತೈತಿ. ಅದಕ್ಕ ಇಂಟರಪ್ಟ್ ಅಂತಾರ. ಕರದ್ರ ಆಳು ಕೈಯಾಗಿನ ಕೆಲಸ ಬಿಟ್ಟು ಓ ಅನ್ನಬೇಕು. ಯಾರ ಕರೆ ಯಾವ ಆಳಿಗೆ ಅಂತ ಹಂಚೋದು ಕರ್ನಲ್ಲು, ಮನಿ ಯಜಮಾನ ಇದ್ದಂಗ ಅದು. ಅಲ್ಲಿ ಯಾರೂ ಹಂಚಾಕ ಹೇಳಿರಲಿಲ್ಲ. ಮೂರು ಆಳು ಸುಮ್ನ ಕುಂತಿದ್ವು. ಎಲ್ಲಾ ಕರೆ ಒಂದ ಆಳಿನ ತಲಿಮ್ಯಾಲೆ."

"ಅಂದ್ರ?"

"ಅಂದ್ರ... ಸಿದ್ದಲಿಂಗ ಕರದಾಗ ಅದು ಕ್ಯಾಮೆರಾದ ಚಿತ್ರ ಕಳಸ್ತಿತ್ತು." ಕಪ್ ಕೆಳಗಿಟ್ಟು ಅಂದ್ಲು, "ಬಾವಿ ಕ್ಯಾಮೆರಾ ಅಣ್ಣ. ಅವನದ ಚಿತ್ರ."

ಚಾ ಆರಿ ಹೋತು. ನನಗ ಕುಡಿಯಾಕ ಆಗಲಿಲ್ಲ.

ಆಕಿ ಅದನ್ನ ನೆಟ್ಟಗ ಮಾಡಿದ್ಲು. ನಾಕನೇ ಕೋರನ್ನ ಬ್ಯಾರೆ ಇಟ್ಲು. ಪಂಪ್ ನೋಡೋದು, ಹೊಸ ಕೆಂಪು ಗುಂಡಿಯ ಕರೆ ತಗೊಳ್ಳೋದು, ಇವೆರಡು ಬಿಟ್ರ ಅದಕ್ಕ ಬ್ಯಾರೆ ಕೆಲಸ ಇಲ್ಲ. ಕ್ಯಾಮೆರಾ, ನೆಟ್ಟು ಎಲ್ಲಾ ಉಳಿದ ಮೂರಕ್ಕ. ನಾಕನೇದರ ಬಾಗಲಾ ಯಾರೂ ಬಡಿಯಂಗಿಲ್ಲ. ಬಾವಿ ಒಳಗಿನ ಹಳೇ ಗುಂಡಿ ತುಕ್ಕು ಹಿಡದಿತ್ತು. ಕಿತ್ತು ಹಾಕಿ, ಅದರ ತಂತಿ ಕಡದು, ತುದಿಗೆ ಟೇಪ್ ಸುತ್ತಿದ್ರು. ಬಾಳ ದಿನ ಚಲೋ ನಡೀತು.

ಆಮ್ಯಾಲೆ ರಾತ್ರಿ ಹೊತ್ತು ಪಂಪ್ ನಿಲ್ಲಾಕ ಶುರು ಆತು.

ಮುಂಜಾನಿ ನಳದಾಗ ನೀರಿಲ್ಲ. ಜನ ಖಾಲಿ ಕೊಡ ತಗೊಂಡು ಪಂಪ್‌ಹೌಸಿಗೆ ಬಂದು ಗಾಳೆಪ್ಪನ್ನ ಬೈಯೋರು. "ರಾತ್ರಿ ಕುಡದು ಮಕ್ಕೊಂತಾನ" ಅಂತ ಯಾರೋ ಕಂಪನಿಗೆ ಫೋನ್ ಮಾಡಿದ್ರು. ಮ್ಯಾನೇಜರ್ ಕೊಟ್ರಬಸಪ್ಪ ಸಮತಾಗ ಹೇಳಿಬಿಟ್ರು, "ಮಷಿನ್ ತಪ್ಪು ಇಲ್ಲ ಅಂದ್ರ ಆಪರೇಟರ್ ತಪ್ಪು. ಯಾವುದು ಅಂತ ನೋಡ್ಕೊಂಡು ಬರ್ರಿ, ಅವನ್ನ ತಗದು ಹಾಕೋಣು." ಗಾಳೆಪ್ಪಗ ಮೂರು ಹೆಣ್ಣಮಕ್ಕಳು. ಅದಕ್ಕ ಆಕಿ ಅವತ್ತು ಆ ಹೊತ್ತಿನಾಗ ಹೋಗಿದ್ದು.

ಸರಿ. ಚಿಲಕ ಹಾಕ್ಕೊಂಡು ಕಂಪ್ಯೂಟರ್ ಮುಂದ ಕುಂತ್ಲು. ಗ್ವಾಡ್ಯಾಗ ಹಲ್ಲಿ ಲೊಚ್ ಅಂತು. ಯಾವ ಕೋರಿಗೆ ಯಾರು ಎಷ್ಟು ಸಲ ಕರದ್ರು ಅಂತ ಆ ಕರ್ನಲ್ ಪರದಿಮ್ಯಾಲೆ ತೋರಸ್ತೈತಿ. ಕ್ಯಾಮೆರಾದ್ದು ಒಂದು ಸಾಲು, ನೆಟ್ಟಿಂದು ಒಂದು ಸಾಲು. ಎಲ್ಲಾ ಆಕಿ ಹಂಚಿದಂಗ ಇದ್ವು. ಒಂದು ಸಾಲಿಗೆ ಮಾತ್ರ ಹೆಸರಿರಲಿಲ್ಲ. ಕಿತ್ತು ಹಾಕಿದ ಹಳೇ ಗುಂಡಿಯ ಸಾಲು. ಅದರ ಎಣಿಕಿ ನಾಕನೇ ಕೋರಿನ ಕೆಳಗ ಏರ್ತಿತ್ತು.

ಮೂರು ಏರಿ ನಿಲ್ತಿತ್ತು. ಹೊರಗ ಬಾವ್ಯಾಗ, ಟಣ್, ಟಣ್, ಟಣ್. ಮತ್ತ ಮೂರು.

ಬರಬರತ ನಡುವಿನ ತಡ ಕಡಿಮಿ ಆತು. ಎಣಿಕಿ ಕಣ್ಣಿಗೆ ಹಿಡೀದಂಗ ಓಡಾಕತ್ತು. ಪಂಪ್ ನೋಡೋ ಕೆಲಸಕ್ಕ ನಾಕನೇ ಕೋರಿಗೆ ಪುರುಸೊತ್ತ ಇಲ್ಲದಂಗ ಆತು. ಕಂಪ್ಯೂಟರ್ ಉಸಿರಾಡವಲ್ದು ಅಂತ ತಿಳದು, ಪಂಪಿಗೆ ಕರೆಂಟ್ ಕೊಡೋ ಪ್ಯಾನಲ್ಲು ಅದನ್ನ ಮತ್ತ ಹಚ್ಚಗೊಡಲಿಲ್ಲ. ಚಟಕ್... ಚಟಕ್... ಅದರಾಗಿನ ರಿಲೇ ಸ್ವಿಚ್ಚು ಬೀಳೋದು ಏಳೋದು.

ಆಕಿ ಪ್ಯಾನಲ್ ಹಿಂದ ಹೋಗಿ ನೋಡಿದ್ಲು. ಕಡದ ತಂತಿ ಅಲ್ಲೇ ಜೋತಾಡ್ತಿತ್ತು. ಟೇಪ್ ಹಂಗ ಇತ್ತು. ತುದಿ ಕೈಯಾಗ ಹಿಡಕೊಂಡು, "ಗಾಳೆಪ್ಪಣ್ಣ, ಪರದಿ ನೋಡ್ರಿ, ನಿಂತೇನು?" ಅಂದ್ಲು.

"ಇಲ್ಲ ಯವ್ವಾ... ಏರಾಕತ್ತೈತಿ."

ಈ ಸಾಲಿನ ಕರೆ ತಗೋಬ್ಯಾಡ ಅಂತ ಕರ್ನಲ್ಲಿಗೆ ಅಪ್ಪಣಿ ಕೊಟ್ಲು. ಆತು, ತಗೋಳಲ್ಲ ಅಂತ ಅದು ಒಪ್ಪಿತು. ಆದ್ರೂ ಎಣಿಕಿ ಏರತನ ಇತ್ತು.

ಆವಾಗ ಆಕಿ ಇನ್ನೊಂದು ದಾರಿ ಹಿಡದ್ಲು. ಕರೆ ಬರೋದು ನಿಲ್ಲಂಗಿಲ್ಲ ಅಂದ್ರ, ಒಬ್ಬನ ಮ್ಯಾಲೆ ಬೀಳೋದು ಬ್ಯಾಡ. ನಾಕನೇದರ ಏಕಾಂತ ತಗದು, ಎಲ್ಲಾ ಕರೆಗಳನ್ನ ನಾಕೂ ಕೋರಿಗೆ ಸರಿಯಾಗಿ ಹಂಚೋ ಪ್ರೋಗ್ರಾಮ್ ಹಚ್ಚಬೇಕು. ಹೊರೆ ಹಗುರ ಆಗ್ತೈತಿ, ಪಂಪ್ ಓಡ್ತೈತಿ.

ಗಾಳೆಪ್ಪ ಕೈ ಅಡ್ಡ ಹಿಡದ. "ಬ್ಯಾಡ್ರಿ ಮೇಡಂ. ಈಗ ಒಂದ ಕಡಿ ಬಡೀತೈತಿ. ಇರ್ಲಿ ಬಿಡ್ರಿ... ಯಾಕೋ ಅಂಜಿಕಿ ಆಗ್ತೈತಿ."

"ನಿಮ್ಮ ನೌಕರಿ ಹೋಗ್ತೈತಿ ಗಾಳೆಪ್ಪಣ್ಣ."

ಅವ ಕೈ ತಗದ.

ಹಂಚಿದ್ಲು. ಹೆಸರಿಲ್ಲದ ಸಾಲು ನಾಕೂ ಕೋರಿನ ಕೆಳಗ ಇಷ್ಟಿಷ್ಟ ಏರಾಕತ್ತು. ಪಂಪ್ ಗೂಂ ಅಂತ ಎದ್ದಿತು. ಬೆಳಗ ಆಗೋದ್ರಾಗ ಟ್ಯಾಂಕ್ ತುಂಬಿ ಹೊರಚೆಲ್ಲಿತು. ಊರಾಗ ನೀರು ಬಂತು. ಕೊಟ್ರಬಸಪ್ಪ ಫೋನಿನಾಗ "ಶಹಬ್ಬಾಸ್" ಅಂದ್ರು. ಸಮತಾ ಮನಿಗೆ ಬಂದು ಹಗಲೆಲ್ಲಾ ನಿದ್ದಿ ಮಾಡಿದ್ಲು.

ಅಲ್ಲಿಗೆ ಮುಗೀಬೇಕಿತ್ತು.

ಮೊದಲು ಗಾಳೆಪ್ಪನ ಮನ್ಯಾಗ ಆತು. ನಳ ಬಂದ್ ಐತಿ, ಪೈಪು ಬಡೀತೈತಿ. ಮೂರು, ತಡದು ಮೂರು. ಪೈಪಿನಾಗ ಗಾಳಿ ಸೇರೈತಿ ಅಂದ್ರು. ಮರುದಿನ ಇಡೀ ಓಣ್ಯಾಗ. ಅದರ ಮರುದಿನ ಆಚಿ ಹಳ್ಳ್ಯಾಗ. ಜನ ನಳಕ್ಕ ಅರಿವಿ ಸುತ್ತಿ ಮಕ್ಕೊಳ್ಳಾಕ ಶುರು ಮಾಡಿದ್ರು.

ಇದನ್ನ ಸಮತಾ ನನಗ ಹೇಳ್ತಿದ್ದಾಗ ನಾವು ಹರಪನಹಳ್ಳ್ಯಾಗ, ಅವರ ಅಡಗಿಮನ್ಯಾಗ ಇದ್ವಿ. ಆಕಿಯ ಅವ್ವ, ನಮ್ಮ ಸುಂಕಮ್ಮ ಚಿಗವ್ವ, ರೊಟ್ಟಿ ಬಡೀತಿದ್ಲು. ನಮ್ಮ ಊರ ನೀರಿಗೂ ಆ ಪಂಪಿಗೂ ಏನೇನೂ ಸಂಬಂಧ ಇಲ್ಲ, ನಮ್ಮ ಲೈನ್ ಬ್ಯಾರೆ. ಚಿಗವ್ವ ರೊಟ್ಟಿ ಬಡಿಯೋದು ನಿಲ್ಲಿಸಿದ್ಲು. ಆದ್ರೂ ಬಡಿಯೋ ಸಪ್ಪಳ ನಿಲ್ಲಲಿಲ್ಲ.

ಟಣ್. ಟಣ್. ಟಣ್.

ಸಿಂಕಿನ ನಳ. ನಾನು ಕೈ ಇಟ್ಟು ನೋಡೀನಿ, ಆ ಬಡತ ಬೆರಳಿಗೆ ತಿಳೀತಿತ್ತು.

ಸಮತಾ ನಳದ ಹತ್ರ ಬಂದು ನಿಂತ್ಲು. "ಹಂಚಾಕ ನಾನ ಹೇಳಿದ್ದೆ ಅಣ್ಣ" ಅಂದ್ಲು. ಅಷ್ಟರಾಗ ಆಕಿಗೆ ಫೋನ್ ಬಂತು. ಗಾಳೆಪ್ಪ. ಪಿಸುಮಾತು, ನನಗೂ ಕೇಳಿಸ್ತಿತ್ತು.

"ಮೇಡಂ, ದುರುಗಮ್ಮಕ್ಕ ಮೂರು ರಾತ್ರಿಯಿಂದ ಮಲಗಿಲ್ಲ. ಬಡದಾಗೊಮ್ಮೆ 'ಬಂದೆ' ಅಂತ ಎದ್ದು ಬಾಗಲಾ ತಗೀತಾಳಂತ. ಯಾರೂ ಇಲ್ಲ ಅಂತ ಹಾಕ್ತಾಳ. ಮತ್ತ ಬಡೀತೈತಿ, ಮತ್ತ ತಗೀತಾಳ. ಈಗ... ಮನ್ಯಾಗ ಇಲ್ಲ. ಬಾಗಲಾ ತೆರದೈತಿ."

ನಾನು ಬೈಕ್ ತಗದೆ. ಸಮತಾ ಹಿಂದ ಕುಂತ್ಲು. ನಮ್ಮ ಡಿಪೋದಾಗ ಬಸ್ಸಿನ ಎಂಜಿನ್ ಸಪ್ಪಳದ ಮ್ಯಾಲೆ ರೋಗ ಹೇಳೋ ಮನಶ್ಯಾ ನಾನು. ಅವತ್ತು ನನ್ನ ಬೈಕ್ ಸಪ್ಪಳನ ನನಗ ಕೇಳಿಸಲಿಲ್ಲ.

ದುರುಗಮ್ಮ ಬಾವಿ ಹತ್ರ ಇದ್ಲು. ಜಾಳಿಗಿ ತೆರದಿತ್ತು. ಕೀಲಿಕೈ ಗಾಳೆಪ್ಪನ ಉಡದಾರದಾಗನ ಇತ್ತು, ನನಗ ಮುಟ್ಟಿ ತೋರಿಸಿದ. ಆಕಿ ಏಣಿಯ ಮ್ಯಾಲಿನ ಮೆಟ್ಟಲಿನಾಗ ಕುಂತಿದ್ಲು, ಕಾಲು ಬಾವಿ ಒಳಗ. ಗಾಳೆಪ್ಪ ಹಿಂದಿನಿಂದ ರಟ್ಟಿ ಹಿಡದಿದ್ದ. ಎಳದ್ರ ಬರ್ತಿರಲಿಲ್ಲ. ಬಡಕಲು ಮುದುಕಿ, ಇವ ಮೂಟಿ ಹೊರೋ ಆಳು... ಆದ್ರೂ ಬರ್ತಿರಲಿಲ್ಲ.

"ಬಿಡಲೇ ಗಾಳ್ಯಾ" ಅಂದ್ಲು ದುರುಗಮ್ಮ. ಸಿಟ್ಟಿರಲಿಲ್ಲ ದನಿಯಾಗ. "ಕರೀತಾನ. ಅವತ್ತೂ ಕರದಾನಂತ, ಯಾರೂ ಓ ಅನ್ನಲಿಲ್ಲಂತ. ನಾನರ ಅನ್ನಬ್ಯಾಡನು?"

ಸಮತಾ ಅದನ್ನ ಕೇಳಿ ನಿಂತ್ಲು. ಒಂದ ಕ್ಷಣ. ಆಮ್ಯಾಲೆ ಪಂಪ್‌ಹೌಸಿಗೆ ಓಡಿದ್ಲು. "ಅಣ್ಣ, ಕೋರ್ ಮತ್ತ ಬ್ಯಾರೆ ಮಾಡಬೇಕಂದ್ರ ಮಷಿನ್ ಬಂದ್ ಮಾಡಿ ಹಚ್ಚಬೇಕು. ಪಂಪ್ ನಿಲ್ತೈತಿ. ಅಜ್ಜೀನ್ನ ಬಿಡಬ್ಯಾಡ್ರಿ!"

ನಾನು ಹೋಗಿ ದುರುಗಮ್ಮನ ಇನ್ನೊಂದು ರಟ್ಟಿ ಹಿಡದೆ. ತಣ್ಣಗಿತ್ತು ಕೈ.

ಪಂಪ್ ನಿಂತಿತು. ಪೈಪಿನಾಗಿನ ನೀರು ಹೊಳ್ಳಿ ಬಂದು ವಾಲ್ವಿಗೆ ಧಡ್ ಅಂತ ಬಡೀತು. ಆಮ್ಯಾಲೆ ಏನೂ ಇಲ್ಲ. ಹೊಳಿ ಹರಿಯೋದು ಸೈತ ಕೇಳಿಸವಲ್ದು. ಆ ಗಪ್ಪಿನಾಗ ಕೆಳಗಿಂದ, ನಮ್ಮ ಕಾಲ ಬುಡಕ್ಕ...

ಟಣ್.

ಏಣಿ ನಡುಗಿತು.

ಟಣ್.

ಈ ಸಲ ಒಂದು ಮೆಟ್ಟಲು ಮ್ಯಾಲಿಂದ.

"ಬಂದೆ ಸಿದ್ದಾ... ತಡಿಯಪ್ಪಾ..." ದುರುಗಮ್ಮ ಇನ್ನೊಂದು ಮೆಟ್ಟಲು ಇಳದ್ಲು. ನಾವಿಬ್ಬರೂ ಆಕಿ ಜೋಡಿ ಜಗ್ಗಿ ಹೋದ್ವಿ. ನನ್ನ ಎದಿ ಬಾವಿಯ ಸಿಮೆಂಟ್ ಅಂಚಿಗೆ ಬಡೀತು. ಕೆಳಗ ಕತ್ತಲಿ, ನೀರಿನ ವಾಸನಿ. ಗಾಳೆಪ್ಪ ಅಳಾಕತ್ತಿದ್ದ. "ಸಿದ್ದಲಿಂಗಾ, ನಿನ್ನ ಕಾಲಿಗೆ ಬೀಳ್ತೀನೋ, ಅವ್ವನ್ನ ಬಿಡೋ..."

ಪಂಪ್‌ಹೌಸಿನಾಗ ಬೀಪ್ ಅಂತು. ಮಷಿನ್ ಎದ್ದಿತ್ತು. ಸಮತಾ ಕೀಲಿಮಣಿ ಬಡಿಯೋದು ಕೇಳ್ತಿತ್ತು, ಚಟಪಟ ಚಟಪಟ. ಆಕಿ ಏನು ಮಾಡಿದ್ಲು ಅಂತ ಆಮ್ಯಾಲೆ ಹೇಳ್ಯಾಳ. ಪಂಪಿನ ಕೆಲಸ, ಹೊಸ ಗುಂಡಿಯ ಕರೆ ಎರಡೂ ಮೂರನೇ ಕೋರಿಗೆ ಕೊಟ್ಲು. ಕ್ಯಾಮೆರಾ, ನೆಟ್ಟು ಮೊದಲಿನ ಎರಡಕ್ಕ. ನಾಕನೇದನ್ನ ಪೂರ್ತಿ ಖಾಲಿ ಮಾಡಿದ್ಲು. ಹೆಸರಿಲ್ಲದ ಆ ಸಾಲನ್ನ ಅದೊಂದಕ್ಕ ಕಟ್ಟಿದ್ಲು. ಕರೆ ಬಂದ್ರ ತಗೊಳ್ಳೋದು, ಬಂತು ಅಂತ ಒಪ್ಪಿಕೊಳ್ಳೋದು. ಹಗಲು ರಾತ್ರಿ ಅದಕ್ಕ ಅದ ಒಂದ ಕೆಲಸ. ಯಾರೂ ಅಡ್ಡ ಬರಂಗಿಲ್ಲ.

ಮೂರನೇ ಟಣ್ ಬರಬೇಕಿತ್ತು. ಬರಲಿಲ್ಲ.

ಅದರ ಬದಲಿ ಒಂದು ದನಿ ಬಂತು. ಪಂಪ್‌ಹೌಸ್ ಕಡಿಂದ.

"ಓ..."

ಸಣ್ಣ ದನಿ. ಗಂಡಸಿಂದು ಅನ್ನಾಕ ಬರಂಗಿಲ್ಲ, ಹೆಂಗಸಿಂದೂ ಅಲ್ಲ. ಒಳಮನ್ಯಾಗ ಕೆಲಸದಾಗ ಇದ್ದವರು ಕರದ್ರ ಅಂತಾರಲ್ಲ, ಹಂಗ.

ದುರುಗಮ್ಮನ ಮೈ ಸಡ್ಲ ಆತು. ಎಳದ್ವಿ, ಬಂದ್ಲು. ಹುಲ್ಲಿನ ಮ್ಯಾಲೆ ಕುಂತು ಸೆರಗಿನಿಂದ ಮುಖ ಒರಸಿಕೊಂಡ್ಲು. "ಯಾರೋ ಓ ಅಂದ್ರಲ್ಲ" ಅಂದ್ಲು. "ಸಾಕು. ನನಗ ನಿದ್ದಿ ಬಂದೈತಿ, ಮನಿಗೆ ಕರಕೊಂಡು ನಡೀರಿ."

ಪಂಪ್ ಗೂಂ ಅಂತ ಎದ್ದಿತು. ಸಮತಾ ಹೊರಗ ಬಂದ್ಲು. ನಾನು ಕೇಳಿದೆ, "ನೀನೇನು ಒದರಿದ್ದು?"

"ಏನು?"

"ಓ ಅಂತ."

ಆಕಿ ನನ್ನ ಮುಖ ನೋಡಿದ್ಲು. "ನಾನು ಬಾಯಿ ಬಿಟ್ಟಿಲ್ಲ ಅಣ್ಣ. ಆ ಡಬ್ಬಿಗೆ ಸ್ಪೀಕರ್ ಇಲ್ಲ. ಬೀಪ್ ಬಿಟ್ರ ಅದಕ್ಕ ಏನೂ ಬರಂಗಿಲ್ಲ."

ಗಾಳೆಪ್ಪನೂ ಕೇಳ್ಯಾನ. ಅವ ಈಗಲೂ ಅಲ್ಲೇ ಅದಾನ, ಹೋಗಿ ಕೇಳ್ರಿ ಬೇಕಾದ್ರ.

ಅವತ್ತಿನಿಂದ ನಳ ಬಡದಿಲ್ಲ. ದುರುಗಮ್ಮ ಚಲೋ ನಿದ್ದಿ ಮಾಡ್ತಾಳಂತ. ಸಮತಾ ಆ ಕೆಲಸ ಬಿಡಲಿಲ್ಲ, ಆದ್ರ ಮೊದಲಿನಂಗ ನಗಂಗಿಲ್ಲ. ಒಮ್ಮೊಮ್ಮೆ ಊಟದ ನಡುವ ಕೈ ನಿಲ್ಲಿಸಿ ನಳದ ಕಡೆ ಕಿವಿ ಕೊಡ್ತಾಳ.

ಕೊಟ್ರಬಸಪ್ಪ ಒಂದು ಸಲ ತಕರಾರು ತಗದಿದ್ರು. "ನಾಕು ಕೋರಿನ ಮಷಿನ್ ಕೊಡ್ಸೇವಿ. ಒಂದನ್ನ ಯಾಕ ಖಾಲಿ ಬಿಟ್ಟೀರಮ್ಮ?"

"ಅದು ಹಂಗ ಇರಬೇಕು ಸರ್."

"ಯಾಕ ಅಂತ ಬರದು ಕೊಡ್ರಿ."

"ಬರಿಯಾಕ ಬರಂಗಿಲ್ಲ ಸರ್. ನೀವು ಒಂದು ರಾತ್ರಿ ಅಲ್ಲಿ ಬಂದು ಕುಂದರ್ರಿ."

ಅವರು ಹೋಗಲಿಲ್ಲ. ಮತ್ತ ಕೇಳಲೂ ಇಲ್ಲ.

ಹೋದ ಬ್ಯಾಸಿಗ್ಯಾಗ ಸಮತಾಗ ಊಟದ ಡಬ್ಬಿ ಕೊಡಾಕ ನಾನು ಆ ಪಂಪ್‌ಹೌಸಿಗೆ ಹೋಗಿದ್ದೆ. ನಡುಮಧ್ಯಾಹ್ನ. ತಗಡಿನ ಮಾಡು, ಒಳಗ ಕುಂದ್ರಾಕ ಆಗವಲ್ದು, ಹಂಗ ಸುಡ್ತಿತ್ತು. ಆಕಿ ಪರದಿಮ್ಯಾಲೆ ಒಂದೊಂದು ಕೋರು ಎಷ್ಟು ಕಾದೈತಿ ಅಂತ ನೋಡ್ತಿದ್ಲು. ನಾಕೂ ಒಂದ ಚಿಪ್ಪಿನಾಗ ಇರ್ತಾವ, ಉಗುರಿನಷ್ಟು ಅಗಲದ ಜಾಗದಾಗ. ಒಂದು ಕಾದ್ರ ಎಲ್ಲಾ ಕಾಯಬೇಕು. ಮೊದಲಿನ ಮೂರರ ಮುಂದ ಎಪ್ಪತ್ತು ಡಿಗ್ರಿ ಮ್ಯಾಲೆ ಇತ್ತು. ನಾಕನೇದರ ಮುಂದ ಹತ್ತೊಂಬತ್ತು.

ಮೀಟರ್ ಕೆಟ್ಟೈತೇನು ಅಂದೆ. ಆಕಿ ಊಟದ ಡಬ್ಬಿ ಬಿಚ್ಚಿ ಉಣ್ಣಾಕ ಕುಂತ್ಲು.

ಹತ್ತೊಂಬತ್ತು ಇತ್ತು. ಕಣ್ಣಾರೆ ನೋಡೀನಿ.